ಊರಿಲ್ಲದ ದೆವ್ವಗಳು

ಆರು ಪುಸ್ತಕಗಳನ್ನು ಒಂದು ತಿಂಗಳಲ್ಲಿ ಓದಿ ಮುಗಿಸಿದೆ. ನಾಲ್ಕು ದೆವ್ವದ ಕಾದಂಬರಿಗಳು. ಉಳಿದೆರಡು ಕತ್ತಲ ರಾಜ್ಯ, ಶಾಪಗ್ರಸ್ತ ಕಿರೀಟ, ಮಂತ್ರದ ಕತ್ತಿಗಳ ಕಥೆಗಳು. ಈಗ ಎಲ್ಲರೂ ಓದುತ್ತಿರುವುದು ಇವನ್ನೇ ಎಂದು ತಂದುಕೊಟ್ಟವಳು ಹೇಳಿದ್ದಳು. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ನನ್ನ ಓದಿನ ಸಮಯ. ನಿವೃತ್ತಿಯಾದ ಮೇಲೂ ಅದನ್ನು ಬದಲಿಸಿಲ್ಲ. ನಮ್ಮ ಮನೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಆ ಹೊತ್ತಿಗೆ ಹಮಾಲರು ಚೀಲಗಳ ನೆರಳಿಗೆ ಒರಗಿರುತ್ತಾರೆ, ಲಾರಿಗಳ ಸದ್ದೂ ತಗ್ಗಿರುತ್ತದೆ.

ಪುಸ್ತಕ ತಂದುಕೊಟ್ಟವಳನ್ನು ಇಲ್ಲಿ ಹುಡುಗಿ ಎಂದೇ ಬರೆಯುತ್ತೇನೆ, ಅವಳಿಗೀಗ ನಲವತ್ತರ ಹತ್ತಿರ ವಯಸ್ಸಾದರೂ. ನಾನು ಔರಾದದಲ್ಲಿ ಬಾಲಕಿಯರ ಹಾಸ್ಟೆಲೊಂದರ ವಾರ್ಡನ್ ಆಗಿದ್ದಾಗ ಅವಳು ಅಲ್ಲಿ ಓದುತ್ತಿದ್ದಳು; ಮೇಡಂ ಎನ್ನುವ ಬದಲು ನನ್ನನ್ನು ಬಾಯೋರ ಎಂದೇ ಕರೆಯುತ್ತಾಳೆ. ಈಗ ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೂರು ವರ್ಷ ಮೊಬೈಲಿನಲ್ಲಿ ಕಂತು ಕಂತಾಗಿ ಒಂದು ಕಥೆ ಬರೆದಿದ್ದಾಳೆ. ಪ್ರಕಾಶಕರೊಬ್ಬರು ಅದನ್ನು ಪುಸ್ತಕ ಮಾಡಲು ಒಪ್ಪಿದ್ದರು, ತಿಂಗಳ ಕೊನೆಗೆ ಪ್ರತಿ ಕಳಿಸಬೇಕಿತ್ತು. ಕಳಿಸುವ ಮೊದಲು ನಾನು ಓದಿ ಹೇಳಬೇಕೆಂದು ಅವಳ ಆಸೆ.

"ಮೊದಲ ಈ ಆರು ಓದ್ರಿ ಬಾಯೋರ, ಆಮ್ಯಾಲ ನಂದು. ಇಲ್ಲಂದ್ರ ಇದೆಲ್ಲಾ ಏನು ಹುಚ್ಚಾಟ ಅಂತೀರಿ."

"ಛಲೋ ಇಲ್ಲಂದ್ರ ಛಲೋ ಇಲ್ಲಂತನೇ ಹೇಳ್ತೇನಿ ಮತ್ತ."

"ಅದಕ್ಕೇ ನಿಮ್ಮ ಕಡೆ ಬಂದೀನ್ರಿ. ಉಳಿದವರೆಲ್ಲಾ ಮೊಬೈಲಿನಾಗ ಬರೇ ಹೂವಿನ ಚಿತ್ರ ಕಳಿಸ್ತಾರ."

ನಮ್ಮದು ಬೌದ್ಧ ಮನೆತನ. ದೆವ್ವ ಇಲ್ಲ ಎಂಬುದು ಅಪ್ಪ ನಮಗೆ ಅಕ್ಷರದ ಜೊತೆಗೇ ಕಲಿಸಿದ ಪಾಠ. ಓಣಿಯಲ್ಲಿ ಯಾರಿಗಾದರೂ ಮೈಮೇಲೆ ಬಂದರೆ ಅಪ್ಪ ಅವರನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದರು. ಆದರೆ ದೆವ್ವದ ಕಥೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ಅಪ್ಪ ಹೊರಗೆ ಹೋದಾಗ ಸೋದರತ್ತೆ ಮೆಂತೆ ಸೊಪ್ಪು ಸೋಸುತ್ತ, ಕಡ್ಡಿ ಎಲೆ ಬೇರೆ ಮಾಡುತ್ತ, ಒಂದೊಂದು ಕಥೆ ಹೇಳುತ್ತಿದ್ದಳು. ಮಟಮಟ ಮಧ್ಯಾಹ್ನದಲ್ಲಿ ಕೈ ತಣ್ಣಗಾಗುತ್ತಿತ್ತು. ನಂಬದವಳನ್ನೂ ಹೆದರಿಸುವ ಕಥೆ ಇರುತ್ತದೆಂದು ನನಗೆ ಗೊತ್ತಿತ್ತು. ಆದ್ದರಿಂದ ಆ ಆರು ಪುಸ್ತಕಗಳನ್ನು ಬೇಸರದಿಂದಲ್ಲ, ಆಸೆಯಿಂದಲೇ ತೆರೆದೆ.

ಆಸೆ ಮೊದಲ ವಾರದಲ್ಲೇ ಇಳಿಯಿತು. ಮೊದಲ ಪುಸ್ತಕದ ಮನೆ ಒಂದು ಗುಡ್ಡದ ಮೇಲಿತ್ತು. ಯಾವ ಗುಡ್ಡ, ಯಾವ ಊರಿನ ಹತ್ತಿರ, ಹಾಲು ಎಲ್ಲಿಂದ ಬರುತ್ತದೆ, ಒಂದೂ ಇಲ್ಲ. ಒಳಗೆ ಹೋದವರು ಒಬ್ಬೊಬ್ಬರಾಗಿ ಕಾಣೆಯಾದರು. ಮರುದಿನ ಉಳಿದವರು ಎದ್ದು ಮತ್ತೆ ಅದೇ ಮನೆಯ ಇನ್ನೊಂದು ಕೋಣೆಗೆ ಹೋದರು. ಯಾರೂ ಹಾಜರಿ ತೆಗೆದುಕೊಳ್ಳಲಿಲ್ಲ. ನನ್ನ ಹಾಸ್ಟೆಲಿನಲ್ಲಿ ಒಬ್ಬ ಹುಡುಗಿ ಊಟದ ಸಾಲಿನಲ್ಲಿ ಕಾಣದಿದ್ದರೆ ಅನ್ನ ಬಡಿಸುವುದು ನಿಲ್ಲುತ್ತಿತ್ತು. ಇಲ್ಲಿ ಏಳು ಜನ ಹೋದರೂ ಎಂಟನೆಯವನು ಹಲ್ಲುಜ್ಜುತ್ತಿದ್ದ. ಮೂರನೆಯ ಪುಸ್ತಕದ ಒಂದೇ ಪುಟದಲ್ಲಿ 'ಕಗ್ಗತ್ತಲು' ಎಂಬ ಪದ ಒಂಬತ್ತು ಸಲ ಬಂತು. ಎಣಿಸಿ ಗೆರೆ ಹಾಕಿದೆ. ಕತ್ತಲ ರಾಜ್ಯದ ಕಥೆಗಳು ಇನ್ನೂ ದಪ್ಪ. ಅಲ್ಲಿ ಅರಸರು ಅರಸರನ್ನು ಕೊಂದರು, ನಗರಗಳು ಸುಟ್ಟವು. ಆದರೆ ಯಾರಿಗೂ ಹಸಿವಾಗಲಿಲ್ಲ, ಯಾರೂ ಅತ್ತು ಸುಸ್ತಾಗಿ ಮಲಗಲಿಲ್ಲ. ಹೆಣಗಳ ಲೆಕ್ಕ ಏರಿದಷ್ಟೂ ನನಗೆ ಆಕಳಿಕೆ ಬಂತು.

ಪಕ್ಕದ ಮನೆಯ ಆಪಾ ನಾಲ್ಕೂವರೆಗೆ ಚಹಾಕ್ಕೆ ಬರುತ್ತಾರೆ. ನನಗಿಂತ ಎರಡು ವರ್ಷ ಹಿರಿಯರು. ಅವರ ಯಜಮಾನರು ಬಿದರಿ ಕುಸುರಿ ಕೆಲಸದವರಾಗಿದ್ದರು. ಒಂದು ದಿನ ಪುಸ್ತಕದ ಹೊದಿಕೆ ನೋಡಿ ನಿಂತರು.

"ಇದೇನ್ರಿ ಬಾಯೋರ, ಕಣ್ಣು ಇಷ್ಟು ಕೆಂಪಾಗ್ಯಾವ?"

"ದೆವ್ವದ ಕಣ್ಣಂತ ಆಪಾ."

"ಗುಲಾಬ್ ಜಲ್ ಹಾಕ್ಲಿಕ್ಕೆ ಹೇಳ್ರಿ. ಒಳಗ ಏನಾಗ್ಯದ?"

"ಇಲ್ಲೀತನಕ ಹದಿನಾಲ್ಕು ಮಂದಿ ಸತ್ತಾರ."

"ಯಾ ಅಲ್ಲಾ. ಮಣ್ಣು ಯಾರು ಮಾಡಿದ್ರು?"

"ಅದು ಬರ್ದಿಲ್ಲ."

"ಹದಿನಾಲ್ಕು ಮಂದೀನ್ನ ಹಂಗೇ ಬಿಟ್ಟು ಮುಂದ ಹೋದ್ರಾ? ಎಂಥಾ ಬೇಶರಮ್ ಮಂದಿ!" ಎಂದು ಕುರ್ಚಿ ಎಳೆದುಕೊಂಡು ಕೂತರು. "ಆ ದೆವ್ವ ಯಾರ ಮನೀದರಿ?"

"ಯಾರ ಮನೀದೂ ಅಲ್ಲ. ಊರೂ ಇಲ್ಲ."

"ಜಿನ್ನಕ್ಕೂ ಒಂದು ಠಿಕಾಣಿ ಇರ್ತದ. ಊರಿಲ್ಲದ್ದು ಬಂದು ನಮಗ್ಯಾಕ ಅಂಜಿಸ್ತದರಿ? ಅದಕ್ಕೇ ದಾರಿ ಗೊತ್ತಿರಲ್ಲ."

ನಗುತ್ತ ಹೇಳಿದ ಮಾತಾದರೂ ನನ್ನ ಬೇಸರದ ಕಾರಣ ಅದರಲ್ಲಿತ್ತು. ನಮ್ಮ ಕಡೆ ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಕೇಳುವವರು ಮೊದಲು ಕೇಳುವುದು ಒಂದೇ: ಯಾರ ಮನೆಯವಳು? ಅದಕ್ಕೆ ಉತ್ತರ ಬರುವವರೆಗೆ ಕಥೆ ಮುಂದೆ ಸಾಗುವುದಿಲ್ಲ. ಇಂಥವರ ಸೊಸೆ, ಇಂಥ ಹಬ್ಬದ ಮುಂಚೆ ಸತ್ತಳು, ತವರಿಗೆ ಹೋಗುವ ಆಸೆ ಉಳಿದಿತ್ತು. ಇಷ್ಟು ತಿಳಿದರೆ ಅವಳು ಬಂದು ಏನು ಕೇಳುತ್ತಾಳೆಂದು ಕೇಳುವವರಿಗೂ ಗೊತ್ತಾಗುತ್ತದೆ. ಹೆದರಿಕೆ ಹುಟ್ಟುವುದು ಅಲ್ಲಿ.

ಏಳನೆಯದಾಗಿ ಹುಡುಗಿಯ ಹಸ್ತಪ್ರತಿ ತೆಗೆದೆ. ಅದೂ ಕತ್ತಲ ರಾಜ್ಯವೇ. ಕೊಂಬಿನ ಅರಸ, ಕಪ್ಪು ಕೋಟೆ, ನಾಲಿಗೆ ಹೊರಳದ ಹೆಸರುಗಳು. ಭಾಷೆ ಅಚ್ಚುಕಟ್ಟಾಗಿತ್ತು, ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೆ ಆರು ಪುಸ್ತಕಗಳಲ್ಲಿ ಇದ್ದದ್ದೇ ಇಲ್ಲಿಯೂ ಇತ್ತು. ಅರ್ಧ ದಾಟಿದ ಮೇಲೆ ಒಂದು ಕಡೆ ರಾಣಿಯ ದಾಸಿ ನದಿಯ ಕಲ್ಲಿನ ಮೇಲೆ ನಿಲುವಂಗಿ ಒಗೆಯುತ್ತಾಳೆ. ದಾರಿಯಲ್ಲಿ ಹೋಗುವವಳನ್ನು ಕರೆದು, ಹಿಂಡಬೇಕು, ಆ ಕಡೆಯ ತುದಿ ಹಿಡಿ ಎನ್ನುತ್ತಾಳೆ. ಎರಡೇ ಸಾಲು. ಮುಂದಿನ ಸಾಲಿನಲ್ಲಿ ಬೆಂಕಿಯುಗುಳುವ ಹಕ್ಕಿಗಳು ಬಂದವು. ನಾನು ಹಸ್ತಪ್ರತಿ ಕೆಳಗಿಟ್ಟೆ. ಆ ದಾಸಿ ನನಗೆ ಗೊತ್ತಿದ್ದವಳು.

ಹಾಸ್ಟೆಲಿನಲ್ಲಿ ಭಾನುವಾರ ಬಟ್ಟೆ ಒಗೆಯುವ ದಿನ. ಚಾದರಗಳನ್ನು ಇಬ್ಬಿಬ್ಬರು ಸೇರಿ ಹಿಂಡಬೇಕು. ಒಬ್ಬಳು ಈ ತುದಿ, ಇನ್ನೊಬ್ಬಳು ಆ ತುದಿ, ಎದುರುಬದರು ನಿಂತು ತಿರುಚಬೇಕು. ಒಂದು ಭಾನುವಾರ ಸಂಜೆ ನೋಡಿದರೆ ಹಗ್ಗದ ಮೇಲಿನ ಚಾದರಗಳೆಲ್ಲ ನೀರು ಸುರಿಸುತ್ತಿದ್ದವು. ಹುಡುಗಿಯರು ಹಿಂಡದೆ ಹಾಗೇ ಹರವಿದ್ದರು. ಎಕಂಬಾ ಊರಿನ ಬೇರೊಬ್ಬ ಹುಡುಗಿಯನ್ನು ಕರೆದು ಕೇಳಿದೆ.

"ಆ ತುದಿ ಹಿಡಿಬಾರದಂತ್ರಿ. ಬಾವಿ ಹತ್ರ ಒಬ್ಬಾಕಿ ಸೀರಿ ಹಿಂಡ್ಲಿಕ್ಕೆ ಕರೀತಾಳಂತ. ಹಿಡಿದ್ರ ಸೀರಿ ಮುಗಿಯೋದೇ ಇಲ್ಲಂತ್ರಿ. ತಿರುವಿದಂಗ ತಿರುವಿದಂಗ ನಾವು ಆಕಿ ಹತ್ರ ಹೋಗ್ತೇವಂತ."

ಆ ಕಥೆಯನ್ನು ಎಲ್ಲರಿಗೂ ಹೇಳಿದ್ದು ಈಗ ಹಸ್ತಪ್ರತಿ ತಂದುಕೊಟ್ಟ ನಮ್ಮ ಹುಡುಗಿಯೇ. ಆಗ ಅವಳಿಗೆ ಹನ್ನೆರಡು ವರ್ಷ. ಎಂಟು ದಿನದಲ್ಲಿ ಇಡೀ ಹಾಸ್ಟೆಲಿಗೆ ಆ ಅಂಜಿಕೆ ಹರಡಿತ್ತು. ನನಗೆ ಕಂಡದ್ದು ಒಣಗದ ಚಾದರಗಳು ಮಾತ್ರ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ದೆವ್ವ ಇಲ್ಲ, ಈ ಹಾಸ್ಟೆಲಿನಲ್ಲಿ ಇನ್ನು ಇಂಥ ಕಥೆ ಯಾರೂ ಹೇಳಕೂಡದು ಎಂದೆ. ಆಮೇಲೆ ಅವಳ ಕೈಗೆ ಒದ್ದೆ ಚಾದರದ ಒಂದು ತುದಿ ಕೊಟ್ಟು, ಇನ್ನೊಂದು ತುದಿ ನಾನೇ ಹಿಡಿದು, ಎಲ್ಲರೆದುರು ಒಂದೊಂದಾಗಿ ಎಲ್ಲ ಚಾದರ ಹಿಂಡಿಸಿದೆ. ಅವಳು ಅಳಲಿಲ್ಲ. ಮುಂದಿನ ವಾರದಿಂದ ಚಾದರಗಳು ಹೊತ್ತಿಗೆ ಸರಿಯಾಗಿ ಒಣಗಿದವು. ನಾನು ಗೆದ್ದೆನೆಂದುಕೊಂಡೆ.

ಹಸ್ತಪ್ರತಿಯ ಬಗ್ಗೆ ಕೇಳಲು, ಮೊದಲೇ ಹೇಳಿದ್ದ ಭಾನುವಾರ ಹನ್ನೊಂದಕ್ಕೆ ಅವಳು ಬೀದರಿಗೆ ಬಂದಳು. ಟಿಪ್ಪಣಿ ಮುಂದಿಟ್ಟುಕೊಂಡು ಇದ್ದದ್ದನ್ನು ಹೇಳಿದೆ.

"ಊರಿಲ್ಲ, ಮನಿಯಿಲ್ಲ, ಎಲ್ಲೂ ಅಂಜಿಕಿ ಬರ್ಲಿಲ್ಲ. ಬ್ಯಾಸರಾತು. ಈ ಕೊಂಬಿನ ಅರಸನ್ನ ಆ ಎರಡು ಕತ್ತಲ ರಾಜ್ಯದ ಪುಸ್ತಕದಾಗೂ ನೋಡೀನಿ. ಕಳಿಸಬ್ಯಾಡ ಇದನ್ನ."

ಅವಳ ಮುಖ ಸಣ್ಣದಾಯಿತು. "ಮೂರು ವರ್ಷ ಬರ್ದೀನ್ರಿ. ಮಂದಿ ಮುಂದಿನ ಕಂತು ಯಾವಾಗಂತ ಕೇಳಿ ಕೇಳಿ ಓದ್ಯಾರ."

"ಓದಿರಬೇಕು. ನೀ ನನ್ನ ಕೇಳಿದಿ, ನಾ ಹೇಳಿದೆ. ಸೀರಿ ಹಿಂಡಾಕಿ ಎರಡೇ ಸಾಲಿಗೆ ಯಾಕ ಹೋದಳು? ಆಕಿನ್ನ ಬರಿಬೇಕಿತ್ತಲ್ಲಾ?"

ಅವಳು ಹಾಳೆಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಿದಳು. "ನೀವೇ ಬ್ಯಾಡ ಅಂದಿದ್ರಲ್ರಿ ಬಾಯೋರ," ಎಂದಳು. ಇಷ್ಟೇ. ಊಟಕ್ಕೆ ನಿಲ್ಲಲಿಲ್ಲ.

ಆ ವಾರ ನನ್ನ ಓದು ಸಾಗಲಿಲ್ಲ. ದೆವ್ವದ ಕಥೆ ಎಂದರೆ ಹಾಸ್ಟೆಲಿನ ಅಡುಗೆಯವಳೂ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು, ಚಾದರ ಹಿಂಡಿಸಿದ ದಿನ ನಾನು ಕೇಳಿರಲಿಲ್ಲ. ಕೇಳಿದರೆ ದೆವ್ವವನ್ನು ಒಪ್ಪಿದಂತೆ ಎಂದುಕೊಂಡಿದ್ದೆ. ಶನಿವಾರ ಅರ್ಧ ದಿನದ ಶಾಲೆ. ಬೆಳಗಿನ ಬಸ್ಸು ಹಿಡಿದು ಭಾಲ್ಕಿಗೆ ಹೋದೆ. ಮಕ್ಕಳು ಮನೆಗೆ ಹೋಗಿದ್ದರು, ಅವಳು ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳನ್ನು ತೊಳೆದಿಡುತ್ತಿದ್ದಳು. ನನ್ನನ್ನು ನೋಡಿ ಸ್ಟೂಲು ಒರೆಸಿ ಕೊಟ್ಟಳು.

"ಕಳಿಸಿಬಿಟ್ಟೀನ್ರಿ," ಎಂದಳು ಮೊದಲೇ. "ಮಾತು ಕೊಟ್ಟಿದ್ದೆ."

"ಅದನ್ನ ಕೇಳ್ಲಿಕ್ಕೆ ಬಂದಿಲ್ಲ. ಆಕಿ ಯಾರ ಮನ್ಯಾಕಿ?"

ಅವಳು ನೀರಿನ ನಲ್ಲಿ ಬಂದ್ ಮಾಡಿದಳು.

"ನಮ್ಮ ಮನ್ಯಾಕೇ ರಿ. ನಮ್ಮ ಚಿಕ್ಕವ್ವ. ದಿನಾ ನಾನೇ ಆ ಕಡಿ ತುದಿ ಹಿಡೀತಿದ್ದೆ. ಅವತ್ತ ಕರದ್ರೂ ಹೋಗ್ಲಿಲ್ಲ, ಆಟದಾಗಿದ್ದೆ. ಸಂಜಿಗಿ ಬಾವ್ಯಾಗ ಸಿಕ್ಕಳು. ಬಿದ್ದಳು ಅಂದ್ರು, ಹಾರಿದಳು ಅಂದ್ರು, ಇನ್ನೊಂದೂ ಅಂದ್ರು. ಒಬ್ಬೊಬ್ಬರ ಬಾಯಾಗ ಒಂದೊಂದು."

ನಾನು ಹೇಳಬೇಕಾದದ್ದು ಒಂದೇ ಇತ್ತು.

"ಅವತ್ತ ಚಾದರ ಹಿಂಡಿಸಿದ್ದು ನನ್ನ ತಪ್ಪು."

"ನಿಮಗ ಗೊತ್ತಿರಲಿಲ್ಲಲ್ರಿ."

"ಕೇಳಬೇಕಿತ್ತು."

ತೊಳೆದ ನಳಿಕೆಗಳನ್ನು ಸಾಲಾಗಿ ಇಡುತ್ತ ಅವಳೇ ಮತ್ತೆ ಮಾತೆತ್ತಿದಳು. "ಊರಿಲ್ಲ, ಮನಿಯಿಲ್ಲ ಅಂತ ಬೈದ್ರಿ. ಬರದ್ರ ಊರು ಬರ್ತದ, ಬಾವಿ ಬರ್ತದ. ನಮ್ಮ ಅಮ್ಮ, ಅಂದ್ರ ನಮ್ಮವ್ವನ್ನ, ಚಿಕ್ಕವ್ವನ್ನ ಹಡದ ಮುದುಕಿ, ಇನ್ನೂ ಇದ್ದಾಳ್ರಿ. ಆಕಿಗಿ ಓದ್ಲಿಕ್ಕೆ ಬರಲ್ಲ. ಆದ್ರ ಓದಿ ಹೇಳೋರು ಓಣಿ ತುಂಬ ಇದ್ದಾರ. ಕೊಂಬಿನ ಅರಸಗ ಯಾರು ಹಡದಾರ್ರಿ? ಅವನ ಬಗ್ಗಿ ಏನ್ ಬರದ್ರೂ ಯಾರೂ ಅಳಲ್ಲ."

ಆರು ಪುಸ್ತಕಗಳ ಮೇಲೆ ಪುಟಗಟ್ಟಲೆ ಟಿಪ್ಪಣಿ ಬರೆದಿದ್ದೆ. ಬರೆದವರು ಸೋಮಾರಿಗಳು, ಊರು ನೋಡದವರು ಎಂದುಕೊಂಡಿದ್ದೆ. ಕೆಲವರು ಹಾಗೆ ಇರಬಹುದು. ಆದರೆ ಊರು ಗೊತ್ತಿದ್ದೇ ಅದನ್ನು ಬಿಟ್ಟು ದೂರ ಹೋದವರೂ ಅವರಲ್ಲಿ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಇದರಿಂದ ಆ ಪುಸ್ತಕಗಳು ಒಳ್ಳೆಯವಾಗುವುದಿಲ್ಲ. ಅವುಗಳ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಅದೇ.

ಅವಳ ಪುಸ್ತಕ ಅಚ್ಚಾಗಿ ಬಂತು. ಹೊದಿಕೆಯ ಮೇಲೆ ಕೊಂಬು, ಕೋಟೆ, ಕೆಂಪು ಚಂದ್ರ. ಚೆನ್ನಾಗಿ ಹೋಗುತ್ತಿದೆಯಂತೆ. ಇನ್ನೊಮ್ಮೆ ಓದಿದೆ; ಮತ್ತೆ ಬೇಸರವಾಯಿತು, ಅದನ್ನು ಅವಳಿಗೆ ಹೇಳಿದೆ. ಈ ಸಲ ನಕ್ಕಳು.

ಅದಾಗಿ ಕೆಲವು ತಿಂಗಳಿಗೆ ಒಂದು ಲಕೋಟೆ ಬಂತು. ಶಾಲೆಯ ಗೆರೆ ಹಾಳೆ, ಕೈಬರಹ, ಹನ್ನೊಂದು ಪುಟ. ಮೇಲೆ ಶೀರ್ಷಿಕೆ ಇರಲಿಲ್ಲ. ಚಿಕ್ಕವ್ವನ ಹೆಸರಿತ್ತು, ಊರಿತ್ತು, ಬಾವಿಯ ಮೆಟ್ಟಿಲು ಎಷ್ಟು ಎಂಬುದಿತ್ತು. ಜೊತೆಗೊಂದು ಚೀಟಿ: ಅಮ್ಮ ಇರುವವರೆಗೆ ಇದು ನಿಮ್ಮಲ್ಲೇ ಇರಲಿ, ಯಾರಿಗೂ ಕೊಡಬೇಡಿ. ಅದರಲ್ಲಿ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ. ಇಷ್ಟು ಬರೆಯುವುದಕ್ಕೂ ಅವಳ ಒಪ್ಪಿಗೆ ಕೇಳಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ. ಆಪಾ ಬಂದಾಗ ಹಾಳೆಗಳನ್ನು ಕಪಾಟಿನಲ್ಲಿಟ್ಟೆ. ಏನದು ಎಂದರು. ಹೇಳುವಂತಿಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ.

ಮೂರನೆಯ ದಿನ ಅವಳ ಫೋನು ಬಂತು.

"ಓದಿದ್ರೇನ್ರಿ ಬಾಯೋರ? ಅಂಜಿಕಿ ಬಂತಾ?"

"ಇಲ್ಲ. ಆದ್ರ ಓದಿದ ಮ್ಯಾಲ ಎರಡು ದಿನ ಯಾರ ಜೋಡಿನೂ ಮಾತಾಡಬೇಕು ಅನಸ್ಲಿಲ್ಲ."

ಆ ಕಡೆ ಶಾಲೆಯ ಗಂಟೆ ಹೊಡೆಯಿತು.

"ಅಷ್ಟ ಸಾಕ್ರಿ," ಎಂದಳು. ಕ್ಲಾಸಿದೆ ಎಂದು ಫೋನಿಟ್ಟಳು.