ಪೂಜೆಗೆ ಕುಳಿತ ಸರಪಳಿ, ರಸ್ತೆಗಿಳಿದ ಜನರೇಟರ್

ಕಳೆದ ವರ್ಷ ವಿಜಯದಶಮಿಯ ಬೆಳಿಗ್ಗೆ, ಬಾಗಲಗುಂಟೆಯಿಂದ ದೊಡ್ಡನೆಕ್ಕುಂದಿಗೆ ಹೊರಟಿದ್ದ ಪಿಕಪ್ ವಾಹನವೊಂದನ್ನು ಗೊರಗುಂಟೆಪಾಳ್ಯದ ಬಳಿ ಸಂಚಾರ ಪೊಲೀಸರು ತಡೆದರು. ಪಿಕಪ್‌ ಹಿಂದೆ ಎರಡು ಚಕ್ರದ ಟ್ರೈಲರ್, ಅದರ ಮೇಲೆ ಡೀಸೆಲ್ ಜನರೇಟರ್. ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ. ಹಬ್ಬಕ್ಕೆಂದು ಅವರ ಮನೆಗೆ ಹೋಗಿದ್ದ ನಾನು ಹೆಬ್ಬಾಳದಲ್ಲಿ ಇಳಿಯಲು ಪಕ್ಕದಲ್ಲಿ ಕುಳಿತಿದ್ದೆ. ಪತ್ರಿಕೆಗಳಿಗೂ ಹಬ್ಬದ ರಜೆ ಇದ್ದುದರಿಂದ ಅದು ಎಲ್ಲಿಯೂ ವರದಿಯಾಗಲಿಲ್ಲ.

ಭಾವ ಹಿಂದೆ ಪೀಣ್ಯದ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದರು. ವರ್ಷಕ್ಕೊಮ್ಮೆ ಸುರಕ್ಷತಾ ಸಪ್ತಾಹದಲ್ಲಿ ಹಳದಿ ಹೆಲ್ಮೆಟ್ ಹಾಕಿ ಕಾರ್ಮಿಕರಿಗೆ ಪ್ರತಿಜ್ಞೆ ಬೋಧಿಸುವುದು ಅವರ ಮುಖ್ಯ ಕೆಲಸವಾಗಿತ್ತು. ಅದನ್ನು ಬಿಟ್ಟು ಜನರೇಟರ್ ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಇಳಿದಿದ್ದರು. ಇದ್ದದ್ದು ಒಂದೇ ಜನರೇಟರ್. ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಹಬ್ಬದ ರಜೆ ನೋಡಿ ಟ್ರಾನ್ಸ್‌ಫಾರ್ಮರ್ ಬದಲಿಸುವವರಿದ್ದರು. ಹನ್ನೊಂದಕ್ಕೆ ಕರೆಂಟ್ ತೆಗೆಯುತ್ತಾರೆ. ಅಷ್ಟರೊಳಗೆ ಜನರೇಟರ್ ಅಲ್ಲಿದ್ದರೆ ಇಡೀ ವರ್ಷದ ಗುತ್ತಿಗೆ ಭಾವನದು, ತಡವಾದರೆ ಬೇರೆಯವರದು ಎಂದು ಕಂಪನಿಯವರು ಮೊದಲೇ ಹೇಳಿದ್ದರು.

ಹಿಂದಿನ ದಿನದ ಪೂಜೆಯಲ್ಲಿ ಯಾವ ಲೋಪವೂ ಆಗಿರಲಿಲ್ಲ. ಪಿಕಪ್‌ಗೂ ಟ್ರೈಲರ್‌ಗೂ ಸ್ನಾನವಾಯಿತು. ಟ್ರೈಲರ್‌ನ ಎರಡು ಬದಿಗೆ ಬಾಳೆಕಂದು ಕಟ್ಟಲಾಯಿತು. ಹಿಂದಿನ ಕೆಂಪು ದೀಪಗಳು ಅವುಗಳ ನೆರಳಿನಲ್ಲಿ ವಿಶ್ರಾಂತಿ ಪಡೆದವು. ನಂಬರ್ ಪ್ಲೇಟಿಗೆ ಗಂಧ, ಕುಂಕುಮ ಧಾರಾಳವಾಗಿ ಬಿದ್ದವು. ಜಾಕ್, ಸ್ಪ್ಯಾನರ್, ಚಕ್ರಕ್ಕೆ ಕೊಡುವ ಮರದ ತುಂಡು ಮತ್ತು ಕೊಂಡಿ ಕಳಚಿದರೆ ಟ್ರೈಲರನ್ನು ಹಿಡಿದುಕೊಳ್ಳಬೇಕಾದ ಸರಪಳಿ ವಿಭೂತಿ ಧರಿಸಿ ದೇವರ ಮುಂದೆ ಕುಳಿತವು.

ಬೆಳಿಗ್ಗೆ ಭಾವ ಸರಪಳಿಗೆ ಕೈಹಾಕಿದಾಗ ಅವರ ತಾಯಿ ತಡೆದರು. ಅವರದು ದಾವಣಗೆರೆ ಕಡೆ; ದಶಮಿಯ ಸಂಜೆ ಬನ್ನಿ ಎಲೆ ಹಂಚಿದ ಮೇಲೆಯೇ ಅವರಿಗೆ ಹಬ್ಬ ಮುಗಿಯುವುದು.

"ಸಂಜಿಗೆ ಬನ್ನಿ ಕೊಡೋತನಕ ಪೂಜಿಗಿಟ್ಟಿದ್ದನ್ನ ಮುಟ್ಟಂಗಿಲ್ಲಪಾ."

"ಮತ್ತೆ ಗಾಡಿ ತಗೊಂಡು ಹೊಂಟೀನಲ್ಲವ್ವಾ?"

"ಗಾಡಿ ನಿಂಬಿಹಣ್ಣು ತುಳದೈತಿ, ಅದು ಹೋಗಬೌದು. ಸರಪಳಿ ದೇವರ ಮುಂದ ಕುಂತೈತಿ."

ಸುರಕ್ಷತಾ ವಿಭಾಗದ ಮಾಜಿ ಅಧಿಕಾರಿ ಈ ವಾದವನ್ನು ಒಪ್ಪಿದರು. ಕೊಂಡಿಯ ಪಿನ್ನು ಮೇಲೇಳದಂತೆ ಹಾಕುವ ಕ್ಲಿಪ್ ಕೂಡ ಪೂಜೆಯಲ್ಲಿದ್ದುದರಿಂದ ಅದರ ಜಾಗಕ್ಕೆ ಕಟ್ಟುಕಂಬಿ ಸುತ್ತಿದರು.

ಗೊರಗುಂಟೆಪಾಳ್ಯದಲ್ಲಿ ನಮ್ಮನ್ನು ನಿಲ್ಲಿಸಿದವರು ಒಬ್ಬ ಮಹಿಳಾ ಎಎಸ್‌ಐ. ಅವರು ಮೊದಲು ಹಿಂದಕ್ಕೆ ಹೋದರು.

"ಲೈಟ್ ಎಲ್ರೀ?"

"ಬಾಳೆಕಂದಿನ ಹಿಂದೆ ಇದೆ ಮೇಡಂ. ನಿನ್ನೆ ಹಬ್ಬ ಅಲ್ವಾ."

"ಹಬ್ಬ ನಮಗೂ ಇತ್ತು. ಹಿಂದೆ ಬರೋನು ಬಾಳೆಎಲೆ ನೋಡಿ ಬ್ರೇಕ್ ಹಾಕ್ಬೇಕಾ? ಚೈನ್ ಎಲ್ಲಿ?"

"ಪೂಜೆಗಿಟ್ಟಿದೀವಿ ಮೇಡಂ."

"ಜಾಕು?"

"ಅದೂ ಪೂಜೆಗೆ."

"ಒಳ್ಳೇದಾಯ್ತು. ದೇವ್ರ ಮನೆ ಎಲ್ಲೂ ಉರುಳ್ಕೊಂಡು ಹೋಗಲ್ಲ."

ಅವರು ಬಗ್ಗಿ ಕೊಂಡಿ ನೋಡಿದರು. ನಾವೂ ನೋಡಿದೆವು. ದಾರಿಯ ರಸ್ತೆ ಉಬ್ಬುಗಳ ಕೃಪೆಯಿಂದ ಕಟ್ಟುಕಂಬಿ ತುಂಡಾಗಿ, ಪಿನ್ನು ಅರ್ಧದಷ್ಟು ಮೇಲೆ ಎದ್ದಿತ್ತು. ಮುಂದೆ ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರು ಇತ್ತು. ಭಾವ ಪಿನ್ನನ್ನು ಒತ್ತಿ ಹಿಡಿದು ನಿಂತರು. ಗಾಡಿ ಆಗಲೇ ನಿಂತಿತ್ತು.

ದಂಡ ಕಟ್ಟಿಯಾಯಿತು. ಆದರೂ ಎಎಸ್‌ಐ ಬಿಡಲಿಲ್ಲ. ಭಾವ ಮನೆಗೆ ಫೋನ್ ಮಾಡಿ ಸರಪಳಿ ಕೇಳಿದರು. ದಂಡ ಕಟ್ಟಿದ ಮೇಲೂ ಸರಪಳಿ ಏಕೆ ಎಂಬುದು ಅವರ ತಾಯಿಯ ಪ್ರಶ್ನೆ. ಎಎಸ್‌ಐ ಫೋನ್ ತೆಗೆದುಕೊಂಡು ಸ್ಪೀಕರ್ ಹಾಕಿದರು.

"ಅಮ್ಮಾ, ಕೊಂಡಿ ಕಳಚ್ಕೊಂಡ್ರೆ ರಸೀದಿ ಹಿಡ್ಕೊಳ್ಳಲ್ಲ. ಸರಪಳಿ ಕಳ್ಸಿ."

"ನಿಮ್ದು ಯಾವ ಊರವಾ?"

"ಹಾವೇರಿ ಕಡೆ."

"ಹಂಗಾರ ನಿಮಗೂ ಗೊತ್ತಿರ್ತೈತಲ್ಲ, ಬನ್ನಿ ಕೊಡೋತನಕ..."

"ಗೊತ್ತೈತ್ರಿ ಅವ್ವಾ. ನಮ್ಮ ಸ್ಟೇಷನ್ನಾಗ ಲಾಠಿನೂ ಪೂಜಿಗೆ ಕುಂತಿತ್ತು. ಮುಂಜಾನೆ ಕೈಮುಗಿದು ಎತ್ಕೊಂಡು ಬಂದೀನಿ."

ಆ ಕಡೆ ಫೋನ್ ಇಟ್ಟರು. ಆಮೇಲೆ ಭಾವನ ತಾಯಿ ತಾವೇ ಆಟೊದಲ್ಲಿ ಬಂದರು. ಸರಪಳಿ, ಕ್ಲಿಪ್ ಎರಡೂ ಟವೆಲ್‌ನಲ್ಲಿದ್ದವು, ಸೇವಂತಿಗೆ ಹೂವಿನ ಸಮೇತ. ಭಾವ ಕೊಂಡಿಯ ಕೆಳಗೆ ಸರಪಳಿಯ ಎರಡು ತುದಿಗಳನ್ನು ಅಡ್ಡ ದಾಟಿಸಿ ಹಾಕಿದರು. ಹಾಗೆ ಹಾಕಿದರೆ ಕೊಂಡಿ ಬಿಟ್ಟರೂ ಟ್ರೈಲರ್‌ನ ಮೂತಿ ನೆಲಕ್ಕೆ ಬಡಿಯುವುದಿಲ್ಲ ಎಂದು ನಮಗೆಲ್ಲ ವಿವರಿಸಿದರು. ಸಪ್ತಾಹದ ಭಾಷಣ ಪೂರ್ತಿ ನೆನಪಿತ್ತು.

"ಇಷ್ಟೆಲ್ಲಾ ಗೊತ್ತಿದ್ದೂ ಕಂಬಿ ಸುತ್ತಿದ್ರಾ?" ಎಂದರು ಎಎಸ್‌ಐ. ಬಾಳೆಕಂದು ಬಿಚ್ಚಿಸಿ, ದೀಪ ಹೊತ್ತಿಸಿ ನೋಡಿ, ನಂಬರ್ ಪ್ಲೇಟ್ ಒರೆಸಿಸಿದ ಮೇಲೆ ಕೈಬೀಸಿದರು.

ಭಾವನ ತಾಯಿ ಅದೇ ಆಟೊದಲ್ಲಿ ಮನೆಗೆ ಹೋದರು; ನಾನು ಹೆಬ್ಬಾಳದಲ್ಲಿ ಇಳಿಯಲಿಲ್ಲ. ಇಳಿಜಾರಿನಲ್ಲಿ ಭಾವ ನಿಧಾನವಾಗಿ ಹೋದರು; ಹಿಂದಿನವರು ಹಾರ್ನ್ ಮೂಲಕ ತಮ್ಮ ಅಭಿಪ್ರಾಯ ತಿಳಿಸಿದರು. ದೊಡ್ಡನೆಕ್ಕುಂದಿಯ ಗೇಟು ತಲುಪುವಾಗ ಹನ್ನೊಂದು ದಾಟಿತ್ತು. ಒಳಗೆ ಬೇರೊಬ್ಬರ ಜನರೇಟರ್ ಓಡುತ್ತಿತ್ತು. ಅದರ ಟ್ರೈಲರ್‌ಗೂ ಬಾಳೆಕಂದು ಕಟ್ಟಿತ್ತು. ಕೊಂಡಿಯ ಬಳಿ ಸರಪಳಿ ಇರಲಿಲ್ಲ.

"ಅವ್ರು ಬೇಗ ಬಂದ್ಬಿಟ್ರು ಸಾರ್. ನೀವು ಸ್ವಲ್ಪ ಲೇಟು," ಎಂದ ಗೇಟಿನ ಕಾವಲುಗಾರ.

ಭಾವ ಟ್ರೈಲರ್ ತಿರುಗಿಸಲು ಜಾಗ ಕೇಳಿದರು.

ವರ್ಷದ ಗುತ್ತಿಗೆ ಆ ಇನ್ನೊಬ್ಬರಿಗೆ ಹೋಯಿತು. ಭಾವನ ಜನರೇಟರ್ ಈಗ ಸಿಂಗಸಂದ್ರದ ಒಂದು ಕಲ್ಯಾಣಮಂಟಪದ ಹಿತ್ತಲಲ್ಲಿದೆ. ಮದುವೆ ಇರುವ ದಿನ, ಕರೆಂಟ್ ಹೋದರೆ ಓಡುತ್ತದೆ.