ಗೇರ್ ಪೆಟ್ಟಿಗೆಗೆ ನೀರು ಹೋದದ್ದು

ನಿಮ್ಮ ಅಜ್ಜನ ಕಾರು ಯಾಕೆ ಹಾಳಾಯಿತು ಎಂಬುದನ್ನು ನೀವು ನಿಮ್ಮ ಅಪ್ಪನ ಬಾಯಿಂದ ಕೇಳಿದ್ದೀರಿ. ಅದು ನಿಜವಲ್ಲ. ನಿಜ ಏನೆಂದು ಗೊತ್ತಿರುವುದು ನನಗೊಬ್ಬಳಿಗೇ. ಎದುರು ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಲಿತದ್ದು ಊರ ಶಾಲೆಯಲ್ಲಿ, ಏಳನೆಯವರೆಗೆ. ಅಕ್ಷರ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಅಜ್ಜ ಗಲ್ಫಿನಲ್ಲಿ ಒಂದು ಮನೆಯವರ ಕಾರು ಓಡಿಸುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದರೂ ಒಂದು ಗೀರು ಕೂಡ ಬೀಳಿಸಿರಲಿಲ್ಲ. ತಮ್ಮ ಬಗ್ಗೆ ಅವರ ಬಾಯಲ್ಲಿ ಬರುತ್ತಿದ್ದ ಒಂದೇ ಹೊಗಳಿಕೆ ಅದು, ಅದೂ ಯಾರಾದರೂ ಕೇಳಿದರೆ ಮಾತ್ರ. ಸಕ್ಕರೆ ಕಾಯಿಲೆ ಅಲ್ಲಿಯೇ ಶುರುವಾದದ್ದು. ಸಿದ್ಧಕಟ್ಟೆಗೆ ಹಿಂದಿರುಗಿದ ಮೇಲೆ ಎಡಗಾಲಿನ ಗಾಯ ಒಣಗಲಿಲ್ಲ. ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಆಮೇಲೆ ಒಂದು ವರ್ಷ ಅವರು ಜಗಲಿಯ ಕುರ್ಚಿಯಿಂದ ಏಳಲಿಲ್ಲ ಎಂದೇ ಹೇಳಬೇಕು. ಕ್ಲಚ್ ತುಳಿಯಲು ಕಾಲಿಲ್ಲ, ಇನ್ನು ಸ್ಟೇರಿಂಗ್ ಯಾಕೆ ಎನ್ನುತ್ತಿದ್ದರು. ಮೂಡುಬಿದಿರೆಯಲ್ಲಿ ಯಾರೋ ಕ್ಲಚ್ ಇಲ್ಲದ ಹಳೆಯ ಆಟೋಮ್ಯಾಟಿಕ್ ಕಾರು ಮಾರುತ್ತಾರೆಂದು ನಿಮ್ಮ ಅಪ್ಪ ಹುಡುಕಿ ತಂದ. ಬೇಕಾದ ಕಾಗದಗಳನ್ನೆಲ್ಲ ಮಾಡಿಸಲಿಕ್ಕೆ ತಿಂಗಳುಗಟ್ಟಲೆ ಓಡಾಡಿದ. ಮೊದಲ ದಿನ ಕಾರು ಗೇಟಿನಿಂದ ಹೊರಟಾಗ ಪಕ್ಕದ ಮನೆಯವರು ತಮ್ಮ ಜೀಪಿನ ಹತ್ತಿರ ನಿಂತು ಕೇಳಿದರು, "ಏನು ಮಾರಾಯ್ರೇ, ಗೇರೇ ಇಲ್ವಂತೆ? ಮಕ್ಕಳ ಆಟದ್ದಾ?"

"ಗೇರು ಉಂಟು. ಯಾವಾಗ ಹಾಕ್ಬೇಕು ಅಂತ ಅದಕ್ಕೇ ಗೊತ್ತಾಗ್ತದೆ," ಎಂದರು ಅಜ್ಜ. "ನಿಮ್ಮ ಜೀಪಿಗೆ ನಿಮ್ಮಷ್ಟೇ ಬುದ್ಧಿ."

ಅಜ್ಜ ತಮಾಷೆ ಮಾಡಿ ಎಷ್ಟು ಕಾಲವಾಗಿತ್ತು! ನಾನು ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದೆ. ನಗು ತಡೆಯಲಿಕ್ಕೋ ಅಳು ತಡೆಯಲಿಕ್ಕೋ ನೆನಪಿಲ್ಲ.

ಅಲ್ಲಿಂದ ಎರಡು ವರ್ಷ ನಾವು ತಿರುಗಿದಷ್ಟು ಮದುವೆಯಾದ ಹೊಸತರಲ್ಲೂ ತಿರುಗಿರಲಿಲ್ಲ. ವಿಟ್ಲದಲ್ಲಿರುವ ಅವರ ತಂಗಿಯ ಮನೆಗೆ, ಬೆಳ್ತಂಗಡಿಯ ಡಾಕ್ಟರರಲ್ಲಿಗೆ, ಕೆಲವು ದಿನ ಸುಮ್ಮನೆ ಪುಂಜಾಲಕಟ್ಟೆಯವರೆಗೆ ಹೋಗಿ ಚಹಾ ಕುಡಿದು ಬರುವುದಕ್ಕೆ.

ನಮ್ಮ ಕಡೆ ಆಯುಧ ಪೂಜೆಯ ಹಿಂದಿನ ದಿನ ವಾಹನ ತೊಳೆಯುವುದನ್ನು ನೀವು ನೋಡಿದ್ದೀರಿ. ಅಡಿಕೆಗೆ ಮದ್ದು ಬಿಡುವ ಪಂಪನ್ನು ಚೆನ್ನಾಗಿ ತೊಳೆದು, ಅದರಲ್ಲಿ ಬರೀ ನೀರು ತುಂಬಿಸಿ ಬಿಡುತ್ತಾರೆ. ಮರದ ತುದಿಗೆ ಮುಟ್ಟುವ ನೀರು ಅದು, ಎಷ್ಟು ಹಳೆಯ ಕೆಸರಾದರೂ ಕಿತ್ತು ಬರುತ್ತದೆ. ಆ ವರ್ಷ ಪಕ್ಕದ ಮನೆಯವರು ತಮ್ಮ ಜೀಪು ತೊಳೆದಾದ ಮೇಲೆ ಪಂಪನ್ನು ನಮ್ಮ ಅಂಗಳದಲ್ಲಿಟ್ಟು ಹೋಗಿದ್ದರು.

ಅಜ್ಜ ಬಾನೆಟ್ ಎತ್ತಿ ಗೇರ್ ಎಣ್ಣೆ ನೋಡುತ್ತಿದ್ದರು. ಎಂಜಿನ್ ಚಾಲೂ ಇಟ್ಟು, ಎಣ್ಣೆಯ ಮಟ್ಟ ತೋರಿಸುವ ಉದ್ದದ ಕಡ್ಡಿಯನ್ನು ಅದರ ಕೊಳವೆಯಿಂದ ಎಳೆದು, ಬಿಳಿ ಬಟ್ಟೆಯಲ್ಲಿ ಒರಸಿ ಬಣ್ಣ ನೋಡುವುದು. ಎಣ್ಣೆ ಕೆಂಪಗೆ, ದಾಸವಾಳ ಹಿಂಡಿದ ಹಾಗೆ ಸ್ವಚ್ಛವಾಗಿತ್ತು. ಇನ್ನೊಮ್ಮೆ ಅದ್ದಿ ನೋಡುವಷ್ಟರಲ್ಲಿ ವಿಟ್ಲದ ತಂಗಿಯ ಫೋನು ಬಂತು. ಕಡ್ಡಿಯನ್ನು ಆ ಬಟ್ಟೆಯ ಮೇಲೆ ಅಂಗಳದ ಕಟ್ಟೆಯಲ್ಲಿ ಮಲಗಿಸಿ, ಎಂಜಿನ್ ನಿಲ್ಲಿಸಿ, ಊರುಗೋಲು ಹಿಡಿದು ಒಳಗೆ ಹೋದರು. ತಂಗಿಯ ಮಾತು ಬೇಗ ಮುಗಿಯುವಂಥದ್ದಲ್ಲ.

ಅವರು ಬರುವುದರೊಳಗೆ ತೊಳೆದಿಟ್ಟರೆ ಖುಷಿಪಡುತ್ತಾರೆ ಎಂದುಕೊಂಡೆ. ಒಂಟಿಕಾಲಿನಲ್ಲಿ ಬಗ್ಗಿ ಅವರು ಯಾಕೆ ಕಷ್ಟಪಡಬೇಕು? ಪಂಪು ಚಾಲೂ ಮಾಡಿ ಹೊರಗೆ ತೊಳೆದೆ, ಆಮೇಲೆ ಎಂಜಿನ್ನಿನ ಮೇಲೂ ಬಿಟ್ಟೆ. ಕೆಸರೆಲ್ಲ ಹೋಗಿ ಒಳಗಿನದು ಪಾತ್ರೆಯ ಹಾಗೆ ಹೊಳೆಯಿತು. ಪಂಪು ನಿಲ್ಲಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬಾಯಿ ತೆರೆದ ಒಂದು ಕೊಳವೆ. ಅದರ ಅಂಚಿನಲ್ಲಿ ನೀರು ನಿಂತಿತ್ತು, ನೋಡುತ್ತಿದ್ದಂತೆ ಕೆಳಗಿಳಿಯಿತು. ಆಗ ಕಟ್ಟೆಯ ಕಡೆ ತಿರುಗಿ ನೋಡಿದೆ. ಕಡ್ಡಿ ಅಲ್ಲೇ ಇತ್ತು.

ಕಡ್ಡಿಯನ್ನು ಎತ್ತಿ ಕೊಳವೆಯಲ್ಲಿ ಹಾಕಿ ಗಟ್ಟಿಯಾಗಿ ಒತ್ತಿದೆ.

ಅವರು ಹೊರಬಂದು ನೋಡಿದರು. "ಹೋ, ನೀನೇ ತೊಳೆದ್ಯಾ? ಕೆಲಸದವರಿಗಿಂತ ಚಂದ ತೊಳೆದಿದ್ದಿ." ಆಮೇಲೆ ಒಳಗೆ ಬಗ್ಗಿ, "ಕಡ್ಡಿ ಹೊರಗಿಟ್ಟ ಹಾಗೆ ನೆನಪು. ಹಾಕಿ ಹೋಗಿದ್ದೇನಾ ನಾನು?" ಎಂದು ಕೇಳಿದರು.

"ಉಂಟಲ್ಲ ಅದರಲ್ಲೇ," ಎಂದೆ.

ಅಷ್ಟೇ ಹೇಳಿದ್ದು. ಸ್ವಲ್ಪ ನೀರು ಹೋದರೆ ಏನಾಗುತ್ತದೆ, ಬಿಸಿಗೆ ಆರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದಕ್ಕಿಂತ ಹೆಚ್ಚಾಗಿ, ಅವರು ಆಗಷ್ಟೇ ಹೊಗಳಿದ್ದರು. ನನ್ನನ್ನು ಹೊಗಳುವವರು ಕಡಿಮೆ.

ಮರುದಿನ ಪೂಜೆ ಮಾಡಿ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ, ಅಲ್ಲಿಂದಲೇ ವಿಟ್ಲಕ್ಕೆ ಹೋಗಿಬಂದೆವು. ಅದರ ಮರುದಿನ ಬೆಳ್ತಂಗಡಿಗೆ ಹೊರಟೆವು. ಪುಂಜಾಲಕಟ್ಟೆ ದಾಟಿ ಏರಿನಲ್ಲಿ ಕಾರು ನಡುಗಿತು. ಎಂಜಿನ್ ಕೂಗುತ್ತದೆ, ಕಾರು ಹತ್ತುವುದಿಲ್ಲ. ಅಜ್ಜ ಬದಿಗೆ ನಿಲ್ಲಿಸಿ ಕಡ್ಡಿ ಎಳೆದರು. ಬಟ್ಟೆಯ ಮೇಲೆ ಬಿದ್ದದ್ದು ಕೆಂಪು ಎಣ್ಣೆಯಲ್ಲ, ರೋಸ್ ಮಿಲ್ಕಿನ ಹಾಗೆ ನಸುಗೆಂಪಿನ ನೊರೆ. ಅವರು ಅದನ್ನು ಬೆರಳಿನಲ್ಲಿ ಉಜ್ಜಿ ಬಹಳ ಹೊತ್ತು ನೋಡಿದರು.

ಮೂಡುಬಿದಿರೆಯಲ್ಲಿ ಇಂಥ ಕಾರುಗಳ ಕೆಲಸ ಬಲ್ಲ ಬ್ಯಾರಿ ಸಮುದಾಯದ ಮೇಸ್ತ್ರಿಯೊಬ್ಬರಿದ್ದರು. ಅವರಲ್ಲಿಗೆ ಕಾರನ್ನು ಎಳೆಸಿಕೊಂಡು ಹೋದೆವು. ಅವರು ರೇಡಿಯೇಟರನ್ನು ಮೊದಲು ಪರೀಕ್ಷೆ ಮಾಡಿದರು. ಅದರೊಳಗೆ ಒಡೆದರೂ ನೀರು ಎಣ್ಣೆಗೆ ಸೇರುತ್ತದಂತೆ. ಅದು ಒಡೆದಿರಲಿಲ್ಲ.

"ಇದು ಮೇಲಿಂದ ಹೋದ ನೀರು ಅಣ್ಣಾ. ತೊಳೆಯುವಾಗ ಕಡ್ಡಿ ಸರಿ ಕೂತಿರ್ಲಿಕ್ಕಿಲ್ಲ. ಎಷ್ಟು ಓಡಿಸಿದ್ರಿ ಆಮೇಲೆ?"

"ಎರಡು ದಿನ. ವಿಟ್ಲಕ್ಕೂ ಹೋಗಿದ್ದೆ."

ಮೇಸ್ತ್ರಿ ನಾಲಗೆ ಲೊಚಗುಟ್ಟಿದರು. "ನೀರು ಹೋದ ದಿನವೇ ಸ್ಟಾರ್ಟ್ ಮಾಡದೆ ಎಳ್ಕೊಂಡು ಬಂದಿದ್ರೆ ಎಣ್ಣೆ ತೆಗೆದು ಬೇರೆ ಹಾಕಿದ್ರೆ ಮುಗೀತಿತ್ತು. ಗೇರ್ ಪೆಟ್ಟಿಗೆ ಒಳಗಿನ ಪ್ಲೇಟಿಗೆ ಕಾಗದದ ಹಾಗಿನದ್ದೊಂದು ಅಂಟಿಸಿರ್ತಾರೆ. ಎಣ್ಣೆಯಲ್ಲಿ ಎಷ್ಟು ವರ್ಷ ಬೇಕಾದ್ರೂ ಇರ್ತದೆ, ನೀರಲ್ಲಿ ಅಂಟು ಬಿಡ್ತದೆ. ನೋಡುವ, ತೊಳೆದು ನೋಡುವ."

ನಾನು ಬಾಗಿಲ ಹತ್ತಿರ ಒಂದು ಟಯರಿನ ಮೇಲೆ ಕೂತಿದ್ದೆ. ಆಗ ಬಾಯಿ ಬಿಡಬೇಕಿತ್ತು. ಅಜ್ಜನೇ ಮೊದಲು ಮಾತಾಡಿದರು. "ನನ್ನದೇ ತಪ್ಪು. ಫೋನು ಬಂತು ಅಂತ ಅವಸರದಲ್ಲಿ ಅರ್ಧ ಒತ್ತಿ ಹೋಗಿದ್ದೇನೆ. ಇವಳಿಗೆ ಪಾಪ ಇದೆಲ್ಲ ಎಲ್ಲಿ ಗೊತ್ತಾಗ್ತದೆ?"

ಮೇಸ್ತ್ರಿ ಎಣ್ಣೆ ಇಳಿಸಿ, ಹೊಸತು ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿದರು. ಒಂದು ಸಲಕ್ಕೆ ಪೂರ್ತಿ ಬರುವುದಿಲ್ಲವಂತೆ, ಒಳಗೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದಂತೆ. ಹಾಗೆ ನಾಲ್ಕು ಸಲ. ನಾಲ್ಕನೆಯದಕ್ಕೆ ಎಣ್ಣೆ ಕೆಂಪಾಯಿತು. ಅಜ್ಜ ಪ್ರತಿ ಸಲವೂ ಬಟ್ಟೆ ಹಿಡಿದು ನೋಡುತ್ತಿದ್ದರು.

ಕಾರು ಒಂದು ತಿಂಗಳು ಓಡಿತು. ಆಮೇಲೆ ಮತ್ತೆ ಏರಿನಲ್ಲಿ ಜಾರಲು ಶುರುವಾಯಿತು. ಪ್ಲೇಟು ಹೋಗಿದೆ, ಈ ಕಾರಿನದ್ದು ಈಗ ಸಿಗುವುದಿಲ್ಲ ಎಂದರು ಮೇಸ್ತ್ರಿ. ಬೇರೆ ಕಾರು ನೋಡುವ ಎಂದು ನಿಮ್ಮ ಅಪ್ಪ ಎಷ್ಟೋ ಸಲ ಹೇಳಿದ. ಅಜ್ಜ ಒಪ್ಪಲಿಲ್ಲ.

"ಬೇಡ ಮಗಾ. ಇವತ್ತು ಕಡ್ಡಿ ಒತ್ಲಿಕ್ಕೆ ಮರೆತವ ನಾಳೆ ಬ್ರೇಕ್ ಒತ್ಲಿಕ್ಕೆ ಮರೀತಾನೆ. ರಸ್ತೆಯಲ್ಲಿ ಬೇರೆಯವರ ಮಕ್ಕಳಿರ್ತಾರೆ."

ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಎರಡು ಹೆಜ್ಜೆ ಹೊರಗೆ ಬಂದಿದ್ದರೆ ಸಾಕಿತ್ತು. ಅವರು ಗದರುತ್ತಿದ್ದರು, ಎರಡು ದಿನ ಮಾತು ಬಿಡುತ್ತಿದ್ದರು, ಮೂರನೆಯ ದಿನ ಮಗನೊಂದಿಗೆ ಕಾರು ನೋಡಲು ಹೋಗುತ್ತಿದ್ದರು. ನಾನು ಗಂಜಿ ಬಸಿದು ಮುಗಿಸಿದೆ.

ಮತ್ತೆ ಮೂರು ವರ್ಷ ಬದುಕಿದ್ದರು. ಬೀಗದ ಕೈ ಎಲ್ಲಿಟ್ಟೆ, ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನನ್ನನ್ನು ಎರಡೆರಡು ಸಲ ಕೇಳುತ್ತಿದ್ದರು. ಹೆಚ್ಚಾಗಿ ಅವರು ಮರೆತಿರುತ್ತಿರಲಿಲ್ಲ. ತಮ್ಮ ಮೇಲೆ ತಮಗೇ ನಂಬಿಕೆ ಹೋಗಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ಹೇಳಿಬಿಡಬೇಕೆಂದು ದಿನಾಲೂ ಅಂದುಕೊಂಡೆ. ಯಾರಾದರೂ ಒಬ್ಬರು ಹತ್ತಿರ ಇದ್ದೇ ಇರುತ್ತಿದ್ದರು. ಅದು ನೆಪ. ಒಂದು ಮಧ್ಯಾಹ್ನ ಯಾರೂ ಇರಲಿಲ್ಲ, ಅವರಿಗೆ ಎಚ್ಚರವೂ ಇತ್ತು.

ಈಗಲೂ ಮನೆಯಲ್ಲಿ ನಾಲ್ಕು ಜನ ಸೇರಿದರೆ ನಿಮ್ಮ ಅಪ್ಪ ಕಾರಿನ ಕಥೆ ತೆಗೆಯುತ್ತಾನೆ, ಅಜ್ಜನ ಮರೆವಿಗೆ ಎಲ್ಲರೂ ನಗುತ್ತಾರೆ. ಪ್ರೀತಿಯಿಂದಲೇ ನಗುವುದು, ನನಗೆ ಗೊತ್ತು. ಆದರೆ ಅಜ್ಜ ಏನನ್ನೂ ಮರೆತಿರಲಿಲ್ಲ. ತಿರುಗಿ ಬಂದು ಇನ್ನೊಮ್ಮೆ ನೋಡಬೇಕೆಂದು ಕಡ್ಡಿಯನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟುಹೋಗಿದ್ದರು. ಓದಿದ ಮೇಲೆ ಇದನ್ನು ನಿಮ್ಮ ಅಪ್ಪನಿಗೆ ಕೊಡಿ. ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಕೊಡಿ.