ಹೋದವರ ಹೆಸರಿಗೆ ಓಗೊಟ್ಟ ನಿಮ್ಮ ಅಕ್ಕ

ದುರುಗಮ್ಮ, ನಿಮ್ಮ ಅಕ್ಕ ನಮ್ಮಲ್ಲೇ ಇದ್ದರು. ನೀವು ಹುಡುಕಿಕೊಂಡು ಬಂದ ದಿನ ಅವರು ಬದುಕಿದ್ದರು, ಉಣ್ಣುತ್ತಿದ್ದರು, ಬಿಸಿಲಿಗೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದರು. ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಖ ನೋಡಿಕೊಂಡೇ ಇಲ್ಲ ಎಂದೆ.

ನಿಮಗೆ ಓದು ಬರುವುದಿಲ್ಲ ಎಂದು ಆವತ್ತು ಹೇಳಿದ್ದಿರಿ. ಹಾಗಾಗಿ ಇದನ್ನು ಯಾರೋ ನಿಮಗೆ ಓದಿ ಹೇಳಬೇಕು. ಹೇಳಲಿ, ಪಕ್ಕದಲ್ಲಿ ಕೂತವರೂ ಕೇಳಲಿ. ನಾನೇ ಬಂದು ಹೇಳಬೇಕೆಂದು ಎರಡು ಸಲ ಕೂಡ್ಲಿಗಿಯಲ್ಲಿ ನಿಮ್ಮೂರು ಗುಡೇಕೋಟೆಯ ಬಸ್ಸು ಹತ್ತಿದೆ; ಎರಡು ಸಲವೂ ದಾರಿಯಲ್ಲೇ ಇಳಿದು ವಾಪಸ್ಸು ಬಂದೆ. ಒಂದು ಹೆದರಿಕೆ. ಇನ್ನೊಂದು — ವಿಷಯ ಗೊತ್ತಿಲ್ಲದೆ ನೀವು ನನ್ನನ್ನು ಕೂರಿಸಿ ನೀರು ಕೊಡುತ್ತೀರಿ, ಆ ನೀರನ್ನು ನಾನು ಕುಡಿಯಲಾರೆ. ಅದಕ್ಕೇ ಮೊದಲು ಈ ಕಾಗದ.

ನನ್ನ ಕೆಲಸ ಏನೆಂದು ನಿಮಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸುತ್ತಲಿನ ವೃದ್ಧಾಶ್ರಮಗಳಿಗೆ ಹೋಗಿ, ಅಲ್ಲಿ ವಯಸ್ಸಾದವರನ್ನು ನೆಟ್ಟಗೆ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ತಪಾಸಣೆ ಮಾಡುವುದು. ಬಚ್ಚಲಿನ ನೆಲ ಜಾರುತ್ತದೆಯೇ, ಗೋಡೆಗೆ ಹಿಡಿಕೆ ಇದೆಯೇ, ಒಳಗಿನಿಂದ ಹಾಕಿಕೊಂಡ ಚಿಲಕ ಹೊರಗಿನಿಂದಲೂ ತೆಗೆಯಲು ಬರುತ್ತದೆಯೇ, ಮಾತ್ರೆಗಳು ಹಳೆಯವೇ, ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗಿದೆಯೇ — ಇವೆಲ್ಲ. ನಾನು ಕೌದಿಗಳನ್ನು ಎತ್ತಿ ಮೂಸಿ ನೋಡುತ್ತಿದ್ದೆ. ಒಗೆದದ್ದೋ, ಬರೀ ಬಿಸಿಲಿಗೆ ಹಾಕಿ ತಂದದ್ದೋ ನನ್ನ ಮೂಗಿಗೆ ತಿಳಿಯುತ್ತಿತ್ತು. ಬೆನ್ನ ಹಿಂದೆ ನನಗೆ ‘ಮೂಗಿನ ಮೇಡಂ’ ಎಂಬ ಹೆಸರಿತ್ತು. ಕೇಳಿಸಿದರೂ ಕೇಳಿಸದವಳ ಹಾಗೆ ಇರುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ನಿಮ್ಮ ಅಕ್ಕ ಇದ್ದ ಆಶ್ರಮ ಕೊಟ್ಟೂರಿನ ದಾರಿಯಲ್ಲಿದೆ. ಹಿಂದೆ ಅದು ಹತ್ತಿ ಹಿಂಜುವ ಮಿಲ್ಲು. ಎಷ್ಟು ಸಲ ಸುಣ್ಣ ಹೊಡೆದರೂ ಜಂತಿಯ ಸಂದಿಗಳಿಂದ ಇವತ್ತಿಗೂ ಹತ್ತಿಯ ಎಳೆ ಉದುರುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲೂ ಒಂದೊಂದೇ ಎಳೆ ನಿಧಾನಕ್ಕೆ ಇಳಿದು ಮಲಗಿದವರ ತಲೆಯ ಮೇಲೆ ಕೂರುತ್ತದೆ. ಅದನ್ನು ನಡೆಸುವವರು ಸಂಗಪ್ಪ ಮೇಷ್ಟ್ರು, ನಿವೃತ್ತರಾದ ಶಾಲಾ ಶಿಕ್ಷಕರು. ಒಳ್ಳೆಯ ಮನುಷ್ಯ. ಆ ಆಶ್ರಮವನ್ನು ಮಾದರಿ ಎಂದು ಮೇಲಿನವರಿಗೆ ಬರೆದವಳು ನಾನೇ. ಎಲ್ಲಿ ಹೋದರೂ ಅದನ್ನೇ ಹೊಗಳುತ್ತಿದ್ದೆ.

ಆ ಮಾದರಿಯನ್ನು ನೋಡಲು ಮೇಲಿನಿಂದ ಒಂದು ತಂಡ ಬರುತ್ತದೆ ಎಂದು ಗೊತ್ತಾಯಿತು. ಅದೇ ವಾರ ಅಲ್ಲಿ ಹಾಲಮ್ಮ ಎಂಬವರು ತೀರಿಕೊಂಡರು. ಬಾಗಳಿಯವರು, ಹಿಂದೆ ಮುಂದೆ ಯಾರೂ ಇರಲಿಲ್ಲ. ಸರ್ಕಾರದ ನಿಯಮ ಹೇಗಿದೆಯೆಂದರೆ, ಇಷ್ಟು ಮಂದಿ ಇರಲೇಬೇಕು. ಒಬ್ಬರು ಕಮ್ಮಿಯಾದರೂ ಅನುದಾನ ನಿಲ್ಲುತ್ತದೆ. ಹಾಲಮ್ಮ ಹೋದದ್ದರಿಂದ ಒಬ್ಬರು ಕಮ್ಮಿಯಾದರು.

ನಿಮ್ಮ ಅಕ್ಕ ಬೋರಮ್ಮ ಅಲ್ಲಿಗೆ ಬಂದು ಆಗಷ್ಟೇ ಸ್ವಲ್ಪ ದಿನ ಆಗಿತ್ತು. ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ದಿಕ್ಕು ತಪ್ಪಿ ಕೂತಿದ್ದವರನ್ನು ಪೊಲೀಸರು ತಂದು ಬಿಟ್ಟಿದ್ದರು. ಹೆಸರು ಹೇಳುತ್ತಿದ್ದರು, ಊರು ಹೇಳಲು ಬರುತ್ತಿರಲಿಲ್ಲ. “ಗುಡ್ಡದಾಗ ನಮ್ಮ ಕುರಿ ಅದಾವ್ರಿ” ಎನ್ನುತ್ತಿದ್ದರು, ಅಷ್ಟೇ. ಆಧಾರ್ ಕಾರ್ಡು ಇರಲಿಲ್ಲ. ಕಾರ್ಡು ಇಲ್ಲದವರು ಲೆಕ್ಕಕ್ಕೆ ಬರುವುದಿಲ್ಲ. ಉಣ್ಣಲಿಕ್ಕೆ ಇದ್ದರು, ಎಣಿಸಲಿಕ್ಕೆ ಇರಲಿಲ್ಲ.

ಮೇಷ್ಟ್ರು ಕೈಚೆಲ್ಲಿ ಕೂತಿದ್ದರು. “ಮುಚ್ಚೋದೇ ಗತಿ ಮೇಡಮ್ಮರ. ಇವ್ರನ್ನೆಲ್ಲ ಒಂದೊಂದು ಊರಿಗೆ ಹಂಚತಾರ” ಅಂದರು. ಆಗ ಆ ಮಾತು ಹೇಳಿದವಳು ನಾನು. ಅವರಲ್ಲ — ಇದನ್ನು ಓದುವವರು ದಯವಿಟ್ಟು ಇನ್ನೊಮ್ಮೆ ಓದಿ ಹೇಳಲಿ — ಅವರಲ್ಲ, ನಾನು. “ಮುಖ ಯಾರು ನೋಡ್ತಾರೆ ಮೇಷ್ಟ್ರೆ? ಪಟ್ಟಿಯಲ್ಲಿ ಹಾಲಮ್ಮನ ಹೆಸರು ಇನ್ನೂ ಇದೆ; ಕರೆದಾಗ ಈ ಬೋರಮ್ಮ ಓ ಅಂದರೆ ಸಾಕು.” ಮುದುಕರು ಚದುರಿ ಹೋಗುತ್ತಾರೆಂಬ ಸಂಕಟವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು, ನಾನು ಹೊಗಳಿದ್ದು ಸುಳ್ಳಾಗಬಾರದೆಂಬ ಒಣ ಜಂಬ.

ನಿಮ್ಮ ಅಕ್ಕ ಒಪ್ಪಲಿಲ್ಲ ದುರುಗಮ್ಮ. ಊರು ಮರೆತಿದ್ದರು, ಇದನ್ನು ಮರೆತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದರು: “ಹೋದಾಕಿ ಹೆಸರಿಗೆ ಓ ಅನಬಾರದ್ರಿ ಯವ್ವಾ. ಅಂದ್ರ ಆಕಿ ತನ್ನ ಜಾಗ ಅಂತ ಬಂದು ಕುಂದರ್ತಾಳ.” ಆ ಕೈಯ ಮೇಲೆ ಚೇಳಿನ ಹಚ್ಚೆ ಇತ್ತು. ಹಸಿರು ಮಾಸಿ ಕಪ್ಪಾಗಿತ್ತು. ನಾನು ನಕ್ಕೆ. “ಒಂದೇ ಸಲ ಅಮ್ಮ. ಏನಾಗಲ್ಲ, ನಾನಿದೀನಿ” ಅಂದೆ.

ತಂಡ ಬಂತು. ಎಲ್ಲರನ್ನೂ ಉದ್ದನೆಯ ಹಜಾರದಲ್ಲಿ ಸಾಲಾಗಿ ಕೂರಿಸಿದ್ದೆವು. ಹೆಸರು ಕರೆಯುತ್ತಾ ಬಂದರು. ಹಾಲಮ್ಮ — ಎಂದರು. ಎರಡನೆಯ ಸಲ ಕರೆದರು: ಹಾಲಮ್ಮ. ನಿಮ್ಮ ಅಕ್ಕ ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣಲ್ಲೇ ಹೂಂ ಅನ್ನಿ ಎಂದೆ. ಮೂರನೆಯ ಸಲ ಕರೆದಾಗ “ಓ” ಎಂದರು. ಅಧಿಕಾರಿ ನಕ್ಕು, ಅಜ್ಜಿಗೆ ಕಿವಿ ಮಂದ ಎಂದು ಮುಂದಿನ ಹೆಸರಿಗೆ ಹೋದರು.

ಆ ದನಿ ನಾನು ಅದುವರೆಗೆ ಕೇಳಿದ ಬೋರಮ್ಮನವರ ದನಿಯಾಗಿರಲಿಲ್ಲ. ತುಂಬ ಹೊತ್ತು ಮಾತಾಡದೆ ಇದ್ದು ಗಂಟಲು ಕಟ್ಟಿರಬೇಕು ಎಂದುಕೊಂಡೆ. ಮೇಷ್ಟ್ರು ಮಾತ್ರ ತಲೆ ಎತ್ತಿ ಜಂತಿಯ ಕಡೆ ನೋಡಿದರು.

ತಿಂಗಳು ಬಿಟ್ಟು ಮತ್ತೆ ಹೋದಾಗ ನಿಮ್ಮ ಅಕ್ಕ ಹಾಲಮ್ಮನವರ ಮಂಚದ ಮೇಲೆ ಕೂತಿದ್ದರು. ಯಾರೂ ಹೇಳಿರಲಿಲ್ಲವಂತೆ, ತಾವೇ ತಮ್ಮ ಗಂಟು ತಂದಿಟ್ಟುಕೊಂಡಿದ್ದರು. ಎಡಗೈಯಲ್ಲಿ ಉಣ್ಣುತ್ತಿದ್ದರು. ಹಾಲಮ್ಮನವರು ಎಡಚರು — ಅದು ನನಗೂ ನೆನಪಿತ್ತು. “ಮಜ್ಜಿಗೆಗೆ ಉಪ್ಪು ಬ್ಯಾಡ ಅಂತಾರ್ರಿ ಈಗ, ಆಯಮ್ಮನಂಗೇ” ಎಂದು ಅಡುಗೆಯಾಕೆ ಹೇಳಿ, ಅಲ್ಲಿ ನಿಲ್ಲದೆ ಒಳಗೆ ಹೋದಳು.

ಹತ್ತಿರ ಕೂತು ಹೇಗಿದ್ದೀರಿ ಎಂದೆ. ನಿಮ್ಮ ಅಕ್ಕ ನನ್ನ ಕಾಲು ನೋಡಿದರು. “ಚಪ್ಪಲಿ ಹಾಕ್ಕಂಡು ಹೋಗು ತಾಯಿ. ಕಲ್ಲೇಶನ ಗುಡಿ ಕಲ್ಲು ಈಗ ಕಾದಿರ್ತಾವೆ” ಅಂದರು. ದುರುಗಮ್ಮ, ನಾನು ಹರಪನಹಳ್ಳಿಯವಳು. ಅದು ನಮ್ಮ ಕಡೆಯ ಮಾತು, ನಮ್ಮ ಕಡೆಯ ರಾಗ. ಕಲ್ಲೇಶನ ಗುಡಿ ಹಾಲಮ್ಮನ ಊರು ಬಾಗಳಿಯದು, ನಮಗೆ ಹತ್ತಿರವೇ. ಗುಡ್ಡದ ಕುರಿ ಬಿಟ್ಟು ಬೇರೆ ಮಾತಾಡದಿದ್ದ ಹೆಣ್ಣುಮಗಳ ಬಾಯಲ್ಲಿ ಅದು ಬಂದಾಗ ನಾನು ಕೂತಲ್ಲಿಂದ ಎದ್ದೆ. ಪಕ್ಕದ ಮಂಚದಲ್ಲಿದ್ದಾಗ ಹಾಲಮ್ಮನ ಮಾತು ಕೇಳಿ ಕಲಿತಿರಬಹುದು. ಮರೆವಿನ ರೋಗದಲ್ಲಿ ಹಾಗಾಗುತ್ತದೆ ಎಂದು ಡಾಕ್ಟರೂ ಹೇಳಿದರು. ಆಗುತ್ತದೇನೋ. ಕೌದಿ ಎತ್ತಿ ಮೂಸಿದೆ — ಅಭ್ಯಾಸಬಲ. ಆಮೇಲೆ ಯಾವ ಆಶ್ರಮದಲ್ಲೂ ಕೌದಿ ಮೂಸಲಿಲ್ಲ. ಏನು ವಾಸನೆ ಬಂತೆಂದು ನಿಮಗೆ ಹೇಳುವುದಿಲ್ಲ, ಅದೊಂದನ್ನು ಕೇಳಬೇಡಿ.

ಆಗಲಾದರೂ ಸರಿಪಡಿಸಬಹುದಿತ್ತು. ಪೊಲೀಸರಿಗೆ ಹೇಳಿ, ಗುಡ್ಡದ ಕಡೆಯ ಊರುಗಳಲ್ಲಿ ವಿಚಾರಿಸಬಹುದಿತ್ತು. ಮಾಡಲಿಲ್ಲ. ವಿಚಾರಿಸಿದರೆ ಈಕೆ ಯಾರು, ಹಾಲಮ್ಮ ಎಲ್ಲಿ ಎಂದು ಕೇಳುತ್ತಾರೆ.

ಅದಾದ ಮೇಲೆ ನೀವು ಬಂದಿರಿ.

ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುರ್ಚಿ ತೋರಿಸಿದರೂ ಕೂರದೆ, ನಿಂತೇ ಹೇಳಿದಿರಿ. ಸಂತೆಗೆಂದು ಬಂದಾಗ ಅಕ್ಕ ಕೈ ತಪ್ಪಿಸಿಕೊಂಡಳು, ಮಳೆಗಾಲವೆಲ್ಲ ಹುಡುಕಿ ಚಳಿಗಾಲವೂ ಬಂತು, ಯಾರೋ ವೃದ್ಧಾಶ್ರಮ ಕೇಳಿ ನೋಡು ಅಂದರು ಎಂದು. ಹೆಸರು ಬೋರಮ್ಮ ಅಂದಿರಿ. ಫೋಟೋ ಇಲ್ಲ ಅಂದಿರಿ. “ಕೈ ಮ್ಯಾಲೆ ಚೇಳಿನ ಹಚ್ಚಿ ಐತ್ರಿ. ಇಬ್ರೂ ಕೂಡೇ ಹಾಕಿಸ್ಕಂಡಿದ್ವಿ” ಎಂದು ನಿಮ್ಮ ಸೆರಗು ಸರಿಸಿ ನಿಮ್ಮ ಕೈ ತೋರಿಸಿದಿರಿ.

ಅದೇ ಚೇಳು. ಕೊಂಡಿ ಅದೇ ಕಡೆಗೆ ಬಾಗಿತ್ತು.

“ಆ ಹೆಸರಿನೋರು ಯಾವ ಆಶ್ರಮದಾಗೂ ಇಲ್ಲಮ್ಮ” ಅಂದೆ. ಹೆಸರಿನ ಮಟ್ಟಿಗೆ ಅದು ನಿಜ ಎಂದು ಮನಸ್ಸಿಗೆ ಹೇಳಿಕೊಂಡೆ — ಎಂಥ ಕೊಳಕು ಸಮಾಧಾನ. ನೀವು ಅಳಲಿಲ್ಲ, ಜಗಳವಾಡಲಿಲ್ಲ. ಒಂದೇ ಒಂದು ಕೇಳಿದಿರಿ: “ಒಳಗ ಬಿಡೋದು ಬ್ಯಾಡ್ರಿ. ಒಂದೊಂದು ಆಶ್ರಮದ ಹೊರಗ ನಿಂತು ಒಂದ್ಸಲ ಕರೀತೀನಿ. ನನ್ನ ದನಿ ಕೇಳಿದ್ರ ಆಕಿ ಎಲ್ಲಿದ್ರೂ ಓ ಅಂತಾಳ.”

ನಾನು ಹೇಳಿದೆ: “ಬೇಕಾಗಿಲ್ಲ. ಎಲ್ಲಾ ನಾನೇ ಕಣ್ಣಾರೆ ನೋಡ್ತೀನಿ, ಅದೇ ನನ್ನ ಕೆಲಸ.” ನೀವು ನಂಬಿದಿರಿ. ಕೈ ಮುಗಿದು ಹೋದಿರಿ. ಇಷ್ಟು ವರ್ಷ ಬಚ್ಚಲು, ಚಿಲಕ, ಮಾತ್ರೆ ಎಂದು ನೋಡಿ ಗಳಿಸಿದ್ದ ನಂಬಿಕೆಯನ್ನು ಇಂಥದ್ದಕ್ಕೆ ಬಳಸಿಕೊಂಡೆ.

ಮರುದಿನವೇ ಆಶ್ರಮಕ್ಕೆ ಓಡಿದೆ. ನಿಮ್ಮ ಅಕ್ಕ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ಬೆನ್ನು ನನ್ನ ಕಡೆಗಿತ್ತು. “ಬೋರಮ್ಮ” ಎಂದೆ. ತಿರುಗಲಿಲ್ಲ. “ಬೋರಮ್ಮ, ನಿಮ್ಮ ತಂಗಿ ದುರುಗಮ್ಮ ಬಂದಿದ್ದರು.” ಆಗ ನಿಧಾನಕ್ಕೆ ತಿರುಗಿ, ನನಗೆ ಸಮಾಧಾನ ಹೇಳುವವರ ಹಾಗೆ ನೋಡಿದರು.

“ಬೋರವ್ವ ಹೋಗಿಬಿಟ್ಲಲ್ಲ ತಾಯಿ. ನನ್ನ ಬಾಜು ಮಂಚದಾಗೇ ಇದ್ಲು. ಪಾಪ, ತಂಗೀನ ಭಾಳ ನೆನಸ್ತಿದ್ಲು” ಅಂದರು. ಆಮೇಲೆ ಆ ಚೇಳಿನ ಕೈಯಿಂದ ಕಣ್ಣು ಒರೆಸಿಕೊಂಡರು.

ಆ ಕ್ಷಣ ನಿಮ್ಮನ್ನು ಕರೆಸಬೇಕಿತ್ತು. ಗುಡೇಕೋಟೆ ಎಂದು ನೀವೇ ಹೇಳಿ ಹೋಗಿದ್ದಿರಿ, ಜೀಪು ಕಳಿಸಿದ್ದರೆ ಸಂಜೆಯೊಳಗೆ ಬರುತ್ತಿದ್ದಿರಿ. ಇವತ್ತು ಬೇಡ, ಸ್ವಲ್ಪ ಸರಿಹೋಗಲಿ, ಮುಂದಿನ ವಾರ — ಹೀಗೆ ದಿನ ದೂಡಿದೆ. ಚಳಿ ಕಡಿಮೆಯಾಗುವ ಮೊದಲೇ ಒಂದು ಬೆಳಗ್ಗೆ ಅವರು ಏಳಲಿಲ್ಲ. ನರಳಲಿಲ್ಲವಂತೆ. ಇದು ನಿಮಗೆ ಸಮಾಧಾನ ಆಗಲೆಂದು ಹೇಳುತ್ತಿಲ್ಲ, ನಿಮಗೆ ತಿಳಿದಿರಬೇಕು ಎಂದು ಹೇಳುತ್ತಿದ್ದೇನೆ. ಹಾಲಮ್ಮ ಎಂಬ ಹೆಸರಿನಲ್ಲಿ ಮಣ್ಣು ಮಾಡಿದೆವು. ಆಶ್ರಮದ ಹಿಂದಿನ ಬೇವಿನ ಮರದ ಕೆಳಗೆ ಎರಡು ಗುಡ್ಡೆಗಳಿವೆ. ನಿಜವಾದ ಹಾಲಮ್ಮನವರದಕ್ಕೆ ಗುರುತಿಲ್ಲ. ನಿಮ್ಮ ಅಕ್ಕನದಕ್ಕೆ ಕಲ್ಲಿದೆ, ಕಲ್ಲಿನ ಮೇಲೆ ಹಾಲಮ್ಮನವರ ಹೆಸರಿದೆ.

ಸಂಗಪ್ಪ ಮೇಷ್ಟ್ರು ಈಗ ಹೆಸರು ಕೂಗುವುದಿಲ್ಲ. ಊಟಕ್ಕಾಗಲಿ ಮಾತ್ರೆಗಾಗಲಿ, ಒಬ್ಬೊಬ್ಬರ ಹತ್ತಿರ ಹೋಗಿ ಭುಜ ಮುಟ್ಟಿ ಎಬ್ಬಿಸುತ್ತಾರೆ. ಯಾಕೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಆದರೆ ನನಗೆ ಗೊತ್ತು. ಹಡಗಲಿಯಲ್ಲಿರಲಿ, ಕೋಗಳಿಯ ಹತ್ತಿರದ ಸಣ್ಣ ಆಶ್ರಮದಲ್ಲಿರಲಿ, ನಾನು ಹೆಸರು ಕರೆದು ಮುಗಿಸಿದ ಮೇಲೆ ಸಾಲಿನ ಕೊನೆಯಿಂದ ಇನ್ನೊಂದು “ಓ” ಕೇಳುತ್ತದೆ. ಮೊದಮೊದಲು ತಿರುಗಿ ನೋಡುತ್ತಿದ್ದೆ. ಗೋಡೆ ಇರುತ್ತದೆ, ಇಲ್ಲವೇ ಖಾಲಿ ಚಾಪೆ. ಉಳಿದವರು ಯಾರೂ ತಲೆ ಎತ್ತುವುದಿಲ್ಲ. ಮನಸ್ಸಿನ ಭ್ರಮೆ ಎನ್ನುವುದಾದರೆ ಅನ್ನಿ, ನಾನು ವಾದ ಮಾಡುವುದಿಲ್ಲ. ಆ ದನಿ ಯಾರದೆಂದು ಮಾತ್ರ ಇವತ್ತಿಗೂ ತಿಳಿದಿಲ್ಲ — ಹಾಲಮ್ಮನದೋ, ನಿಮ್ಮ ಅಕ್ಕನದೋ. ಅದೇ ನನ್ನನ್ನು ತಿನ್ನುತ್ತಿರುವುದು.

ನಡೆದದ್ದೆಲ್ಲ ಇಲಾಖೆಗೆ ಬರೆದು ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ, ಅದು ನಿಮ್ಮ ತಲೆನೋವಲ್ಲ. ಕಲ್ಲು ಬದಲಿಸಲು ಹೇಳಿದ್ದೇನೆ, ಆದರೆ ನೀವು ನೋಡುವ ಮೊದಲು ಯಾರೂ ಕೈ ಹಚ್ಚಬಾರದೆಂದೂ ಹೇಳಿದ್ದೇನೆ.

ನಾನು ಆ ಗುಡ್ಡೆಯ ಹತ್ತಿರ ಹೋಗಿ ಎಷ್ಟೋ ಸಲ ಬೋರಮ್ಮ ಎಂದು ಕರೆದಿದ್ದೇನೆ. ಹೋದ ಊರಲ್ಲೆಲ್ಲ ಕೇಳುವ ಆ ಓ ಅಲ್ಲಿ ಮಾತ್ರ ಕೇಳುವುದಿಲ್ಲ. ನನ್ನ ದನಿಗೆ ಯಾಕೆ ಬರಬೇಕು? ಒಂದು ಸಲ ನನ್ನ ಮಾತು ಕೇಳಿ ಅವರಿಗೆ ಆದದ್ದು ಸಾಕು.

ಬರುವ ಸೋಮವಾರ ಬೆಳಗ್ಗೆ ನಿಮ್ಮ ಮನೆ ಮುಂದೆ ಬಂದು ನಿಲ್ಲುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ನೀರು ಕೊಡಬೇಡಿ. ಮನಸ್ಸಾದರೆ ನನ್ನ ಜೊತೆ ಬನ್ನಿ. ಆ ಬೇವಿನ ಮರದ ಹತ್ತಿರ ನಿಮ್ಮನ್ನು ಬಿಟ್ಟು ನಾನು ರಸ್ತೆಯಲ್ಲೇ ನಿಂತಿರುತ್ತೇನೆ. ನೀವು ನಿಮ್ಮ ಅಕ್ಕನನ್ನು ಒಂದು ಸಲ ಕರೆಯಿರಿ. ಆವತ್ತು ನೀವು ಕೇಳಿದ್ದು ಅಷ್ಟೇ.